ಟೀಬ್ಯಾಫ್ ಹಾಕಿದ ಮೇಲೆ ಅಸಿಟೇಟ್ ಜಾಗ ಬಿಟ್ಟರೆ

ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ನಿನ್ನ ಅಣುವಿನ ಆಲ್ಕೋಹಾಲ್‌ಗಳನ್ನು ಕಾಯಲು ಮೂರು ಮುಚ್ಚಳ (ಪ್ರೊಟೆಕ್ಟಿಂಗ್ ಗ್ರೂಪ್): ಪ್ರೈಮರಿ ಆಲ್ಕೋಹಾಲ್ ಮೇಲೆ ಸಿಲಿಕಾನ್ ಮುಚ್ಚಳವಾದ ಟಿಬಿಎಸ್, ಪಕ್ಕದ ಸೆಕೆಂಡರಿ ಮೇಲೆ ಅಸಿಟೇಟ್, ಆಚೆ ತುದಿಯಲ್ಲಿ ಇನ್ನೊಂದು ಸಿಲಿಕಾನ್ ಮುಚ್ಚಳ ಟಿಬಿಡಿಪಿಎಸ್. ಟಿಬಿಎಸ್ ಒಂದನ್ನೇ ತೆಗೆಯೋಣ ಅಂತ ನೀನು ಟೀಬ್ಯಾಫ್ (ಫ್ಲೋರೈಡ್ ಕೊಡುವ ಲವಣ) ಹಾಕಿದೆ, ಮಿಶ್ರಣದಲ್ಲಿ ಏನೇನಿದೆ ಎಂದು ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿಯಲ್ಲಿ ಮೂರು ಚುಕ್ಕೆ ಬಂತು. ನಿನ್ನ ಕೈ ತಪ್ಪಲ್ಲ ಇದು. ಟೀಬ್ಯಾಫ್ ಬೇಸ್ (ಪ್ರತ್ಯಾಮ್ಲ) ಕೂಡ ಹೌದು. ಟಿಬಿಎಸ್ ಬಿದ್ದ ಕೂಡಲೇ ಆ ಆಮ್ಲಜನಕ ಪಕ್ಕದ ಅಸಿಟೈಲನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಟಿಬಿಡಿಪಿಎಸ್ಸೂ ಫ್ಲೋರೈಡ್ ಮುಂದೆ ನಿಲ್ಲುವುದಿಲ್ಲ.

ಮೊದಲು, ಯಾವ ಹೈಡ್ರೋಜನ್ ಎಲ್ಲಿದೆ ಎಂದು ಹೇಳುವ ಪ್ರೋಟಾನ್ ಎನ್‌ಎಮ್‌ಆರ್ ನೋಡು. 5 ಪಿಪಿಎಮ್ ಹತ್ತಿರ ಒಂದು ಹೈಡ್ರೋಜನ್ ಇದ್ದರೆ ಅಸಿಟೇಟ್ ಇದ್ದಲ್ಲೇ ಇದೆ. ಅದು ಹೋಗಿ 4.1ರ ಸುತ್ತ ಎರಡು ಕಂಡರೆ, ಅಸಿಟೈಲ್ ದಾಟಿದೆ.

ಉಳಿದ ಮಾಲಿನ ಟಿಬಿಎಸ್ ತೆಗೆಯುವ ಕೆಲಸವನ್ನು ಆಸಿಡ್‌ನಲ್ಲಿ ಮಾಡು. ಡಿಸಿಎಮ್ (ಡೈಕ್ಲೋರೋಮೀಥೇನ್), ಮೆಥನಾಲ್ ಸಮಸಮ, ಐಸ್ ಬಾತ್, ಕ್ಯಾಂಫರ್ ಸಲ್ಫೋನಿಕ್ ಆಸಿಡ್ 0.1 ಈಕ್ವಿವಲೆಂಟ್. ಆಸಿಡ್ ಎದುರು, ಸಿಲಿಕಾನ್ ಮುಚ್ಚಳಗಳಲ್ಲೇ ಚಿಕ್ಕದಾದ ಟಿಎಮ್‌ಎಸ್ ತಾಳಿಕೆ 1 ಅಂದರೆ ಟಿಬಿಎಸ್‌ದು ಸುಮಾರು 20,000, ಟಿಬಿಡಿಪಿಎಸ್‌ದು 50 ಲಕ್ಷ; ಹಾಗಾಗಿ ಟಿಬಿಎಸ್ ಮೊದಲು ಬೀಳುತ್ತದೆ. (1972ರಲ್ಲಿ ರಸಾಯನಶಾಸ್ತ್ರಜ್ಞರಾದ ಕೋರಿ, ವೆಂಕಟೇಶ್ವರ್ಲು ಟಿಬಿಎಸ್ ಬಳಕೆಗೆ ತಂದಾಗ ಎಷ್ಟು ಜನರಿಗೆ ಉಸಿರು ಬಂದಿರಬೇಕು!) ಹದಿನೈದು ನಿಮಿಷಕ್ಕೊಮ್ಮೆ ಟಿಎಲ್‌ಸಿ ಹಾಕು. ಸ್ಟಾರ್ಟಿಂಗ್ ಮೆಟೀರಿಯಲ್ ಸ್ವಲ್ಪ ಉಳಿದಿದ್ದರೂ ನಿಲ್ಲಿಸಿಬಿಡು, ಬೇರ್ಪಡಿಸುವ ಕಾಲಮ್‌ನಲ್ಲಿ ವಾಪಸ್ ಸಿಗುತ್ತದೆ. ರೋಟಾಗೆ (ದ್ರಾವಕ ಆವಿ ಮಾಡಿ ತೆಗೆಯುವ ಯಂತ್ರ) ಹಾಕುವ ಮೊದಲು ಆಸಿಡ್ ತಟಸ್ಥ ಮಾಡಲು ಟ್ರೈಈಥೈಲಮೀನ್ ಹಾಕಲೇಬೇಕು. ನಾನೊಮ್ಮೆ ಹಾಗೇ ಎಳೆದೆ; ಡಿಸಿಎಮ್ ಆವಿಯಾದಂತೆ ಆಸಿಡ್ ಗಟ್ಟಿಯಾಗಿ 400 ಮಿಲಿಗ್ರಾಂ ಕಂದು ಅಂಟಾಗಿ ಫ್ಲಾಸ್ಕ್ ತಳಕ್ಕೆ ಕೂತಿತ್ತು. ಆರು ವಾರದ ಕೆಲಸ ಅದು. ಇಂದಿಗೂ ಹೊಟ್ಟೆ ಉರಿಯುತ್ತದೆ.

ಆದರೆ ಮುಂದಿನ ಬ್ಯಾಚ್‌ಗೆ ಅಸಿಟೇಟನ್ನೇ ಬದಲಿಸು ಅನ್ನುತ್ತೇನೆ. ಟಿಬಿಎಸ್ ಇನ್ನೂ ಮೇಲಿರುವಾಗಲೇ ಪೊಟ್ಯಾಸಿಯಂ ಕಾರ್ಬೊನೇಟ್, ಮೆಥನಾಲ್‌ನಲ್ಲಿ ಅಸಿಟೇಟ್ ತೆಗೆ, ಆ ಜಾಗಕ್ಕೆ ಈಥರ್ ಮುಚ್ಚಳವಾದ ಪಿಎಮ್‌ಬಿ ಕೂರಿಸು. ಸೋಡಿಯಂ ಹೈಡ್ರೈಡ್ ಮುಟ್ಟಬೇಡ, ಆಲ್ಕಾಕ್ಸೈಡ್ ಆದರೆ ಟಿಬಿಎಸ್ಸೇ ಪಕ್ಕಕ್ಕೆ ಜಿಗಿಯಬಹುದು. ಪಿಎಮ್‌ಬಿ ಟ್ರೈಕ್ಲೋರೋಅಸಿಟಿಮಿಡೇಟ್ ತಗೋ, ಒಣ ಡಿಸಿಎಮ್, ಆಸಿಡ್ ಚಿಟಿಕೆಯಷ್ಟೇ. ಪುಣೆಯ ಜುಲೈ ಮಳೆಯಲ್ಲಿ ಆ ಅಸಿಟಿಮಿಡೇಟ್ ತೇವ ಹಿಡಿದು ಕೆಡುತ್ತದೆ, ಅವತ್ತೇ ಮಾಡಿ ಅವತ್ತೇ ಬಳಸು. ಪಿಎಮ್‌ಬಿ ಈಥರ್, ಅಸಿಟೈಲ್ ಹಾಗೆ ಓಡಾಡುವುದಿಲ್ಲ. ಕೊನೆಗೆ ನೀರು ಬೆರೆಸಿದ ಡಿಸಿಎಮ್‌ನಲ್ಲಿ ಡಿಡಿಕ್ಯೂ (ಆಕ್ಸಿಡೀಕರಿಸುವ ರಾಸಾಯನಿಕ) ಹಾಕಿದರೆ ಪಿಎಮ್‌ಬಿ ಒಂದೇ ಕಳಚಿ ಬರುತ್ತದೆ, ಟಿಬಿಡಿಪಿಎಸ್ ಅಲ್ಲಾಡುವುದಿಲ್ಲ. ಹೆಜ್ಜೆ ಎರಡು ಹೆಚ್ಚು, ನಿಜ.

ಆ ಮೂರು ಚುಕ್ಕೆ ಎಸೆಯಬೇಡ. ಭಾನುವಾರ ಪುಣೆಯ ಪಾಷಾಣ್ ಬಡಾವಣೆ ಕಡೆ ಬಂದರೆ ಸ್ಪೆಕ್ಟ್ರಮ್ ತಗೊಂಡು ಬಾ, ಕೂತು ನೋಡೋಣ.