‘ನನಗೇನೂ ಆಗಿಲ್ಲ’ ಎಂದವರನ್ನು ನಂಬಿದ್ದು ತಪ್ಪಾ?

ಮಾಲಿನಿ ನನ್ನ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕೋಟು ಕೂಡ ಬಿಚ್ಚಲಿಲ್ಲ. "ಮೇಡಂ, ಇಲ್ಲಿಗೆ ಬರುವಷ್ಟು ನನಗೇನೂ ಆಗಿಲ್ಲ ಅನ್ಸುತ್ತೆ. ಎದ್ದು ಹೋಗಲಾ?" ಅಂದರು. ಆಮೇಲೆ ಹತ್ತು ನಿಮಿಷ ಅತ್ತರು.

ಹೆಸರು ಬದಲಿಸಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ನಲವತ್ತರ ಆಸುಪಾಸು. ಮದುವೆಯಾಗಿ ಅಮೆರಿಕಕ್ಕೆ ಬಂದವರು. ಉತ್ತರ ಕೆರೊಲಿನಾದ ಒಂದು ನಗರದ ಪೊಲೀಸ್ ಇಲಾಖೆಯಲ್ಲಿ ಸಿವಿಲಿಯನ್ ಟ್ರಾಫಿಕ್ ಇನ್ವೆಸ್ಟಿಗೇಟರ್ ಕೆಲಸ. ನಾನೂ ಅದೇ ರಾಜ್ಯದಲ್ಲಿ ಆಪ್ತಸಲಹೆ ಕೊಡುವವಳು. ಇಂಗ್ಲಿಷಿನಲ್ಲಿ ಅಳೋಕೆ ಬರಲ್ಲ ಅಂತ ನನ್ನನ್ನು ಹುಡುಕಿಕೊಂಡು ಬಂದಿದ್ದರು.

ಈ ಕೆಲಸ ಎಂಥದ್ದು ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಅವರ ನೋವು ಅರ್ಥವಾಗುವುದಿಲ್ಲ. ವಾಹನಕ್ಕೆ ಮಾತ್ರ ಪೆಟ್ಟಾಗಿರುವ ಅಪಘಾತಗಳಿಗೆ ಪೊಲೀಸರ ಬದಲು ಇವರು ಹೋಗುತ್ತಾರೆ. ಉತ್ತರ ಕೆರೊಲಿನಾದಲ್ಲಿ ಮೊದಲು ವಿಲ್ಮಿಂಗ್ಟನ್, ಫೇಯೆಟ್‌ವಿಲ್‌ನಂಥ ಊರುಗಳಲ್ಲಿ ಮಾತ್ರ ಇದು ಇತ್ತು. 2023ರಲ್ಲಿ ಕಾನೂನು ಬಂದ ಮೇಲೆ ಉಳಿದ ನಗರಗಳಿಗೂ ಅವಕಾಶ ಸಿಕ್ಕಿತು. ಇವರ ಹತ್ತಿರ ಗನ್ ಇರುವುದಿಲ್ಲ, ಬಿಲ್ಲೆ ಇರುವುದಿಲ್ಲ, ಬಂಧಿಸುವ ಅಧಿಕಾರವೂ ಇಲ್ಲ. ಸಮವಸ್ತ್ರವೂ ಪೊಲೀಸರದ್ದಕ್ಕಿಂತ ಬೇರೆ ಕಾಣಬೇಕು. ಫೋಟೊ ತೆಗೆಯಬೇಕು, ಅಳತೆ ಹಿಡಿಯಬೇಕು, ಎರಡೂ ಕಡೆಯವರ ಮಾತು ಕೇಳಿ ವರದಿ ಬರೆಯಬೇಕು.

ಆ ವರದಿಯ ಮೇಲೆ ಜನರಿಗೆ ಯಾಕಷ್ಟು ಸಿಟ್ಟು ಅಂದರೆ, ಈ ರಾಜ್ಯದಲ್ಲಿ ಪರಿಹಾರದ ಲೆಕ್ಕ ಬಹಳ ಕಟ್ಟುನಿಟ್ಟು. ನಿಮ್ಮದೂ ಒಂಚೂರು ತಪ್ಪಿದೆ ಅಂತ ಸಾಬೀತಾದರೆ ಸಾಮಾನ್ಯವಾಗಿ ಎದುರಿನವರಿಂದ ಏನೂ ಸಿಗುವುದಿಲ್ಲ. ಅರ್ಧ ತಪ್ಪಿಗೆ ಅರ್ಧ ಪರಿಹಾರ ಎನ್ನುವ ಮಾತೇ ಇಲ್ಲ. ಹಾಗಾಗಿ ರಸ್ತೆ ಬದಿಯಲ್ಲಿ ನಿಂತ ಪ್ರತಿಯೊಬ್ಬರಿಗೂ ಮಾಲಿನಿಯ ಪೆನ್ನಿನ ಮೇಲೇ ಕಣ್ಣು. "ನೀನು ನಿಜವಾದ ಪೊಲೀಸಾ?" ಅಂತ ವಾರಕ್ಕೊಮ್ಮೆಯಾದರೂ ಯಾರಾದರೂ ಕಿರುಚುತ್ತಾರೆ. ಮನೆಯಲ್ಲಿ ಗಂಡ ಅದನ್ನೇ ಬೇರೆ ಥರ ಹೇಳುತ್ತಾರೆ: "ನೀನೇನು ಪೊಲೀಸಲ್ಲವಲ್ಲ. ಸಣ್ಣ ಆಕ್ಸಿಡೆಂಟಿಗೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯ?"

ಆದರೆ ಅವರು ನನ್ನ ಹತ್ತಿರ ಬಂದಿದ್ದು ಕಿರುಚಾಟದಿಂದಲ್ಲ, ಒಬ್ಬ ಅಜ್ಜನಿಂದ.

ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತ್ತು. ಬಂಪರ್ ಒಳಗೆ ಹೋಗಿತ್ತು, ಹಿಂದಿನ ಲೈಟು ಒಡೆದಿತ್ತು, ಅಷ್ಟೇ. ಕಾರಿನಲ್ಲಿದ್ದ ಅಜ್ಜ ತಾವೇ ಇಳಿದು ಬಂದರು. ನೋವಿದೆಯಾ ಅಂದಿದ್ದಕ್ಕೆ "ನನಗೇನೂ ಆಗಿಲ್ಲ" ಅಂದರು. ಎರಡು ಸಲ "ನನ್ನ ಕನ್ನಡಕ ನೋಡಿದೆಯೇನಮ್ಮಾ?" ಅಂತ ಕೇಳಿದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಮಾಲಿನಿ ನಕ್ಕರು, ಅಜ್ಜನೂ ನಕ್ಕರು. ವರದಿಯಲ್ಲಿ ಗಾಯ ಇಲ್ಲ ಎಂದು ಗುರುತು ಮಾಡಿದರು. ಮೂರನೇ ದಿನ ಮಗಳು ಇಲಾಖೆಗೆ ಫೋನ್ ಮಾಡಿ, ಅಪ್ಪ ತಲೆಯೊಳಗೆ ರಕ್ತಸ್ರಾವವಾಗಿ ಆಸ್ಪತ್ರೆಯಲ್ಲಿದ್ದಾರೆ ಅಂದರು.

ಅವತ್ತಿನಿಂದ ಮಾಲಿನಿಗೆ ನಿದ್ದೆ ಇಲ್ಲ. ರಾತ್ರಿ ಎದ್ದು ಹಳೆಯ ವರದಿಗಳನ್ನು ನೆನಪಿಸಿಕೊಳ್ಳುವುದು. ತಮ್ಮ ಸ್ವಂತ ಫೋನಿನಿಂದ ಮೂರು ನಾಲ್ಕು ಜನರಿಗೆ ಕರೆ ಮಾಡಿ "ಚೆನ್ನಾಗಿದ್ದೀರಾ?" ಅಂತ ಕೇಳಿದ್ದರು. ಹೆದ್ದಾರಿಯಲ್ಲಿ ಕಾರು ಓಡಿಸುವುದನ್ನೇ ಬಿಟ್ಟಿದ್ದರು. ನನ್ನಲ್ಲಿಗೂ ಗಂಡನೇ ಕರೆತರುತ್ತಿದ್ದರು. ಎರಡನೇ ಭೇಟಿಯಲ್ಲಿ ಬ್ಯಾಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ಉಗುರಿನಷ್ಟು ಕೆಂಪು ಪ್ಲಾಸ್ಟಿಕ್ ಚೂರು. ಆ ದಿನ ಅವರ ಶೂ ಅಡಿಯ ಗೀರಿನಲ್ಲಿ ಸಿಕ್ಕಿಕೊಂಡು ಮನೆ ಬಾಗಿಲ ಕಾಲೊರಸಿನ ಮೇಲೆ ಬಿದ್ದಿತ್ತಂತೆ. ಎಸೆಯಲು ಕೈ ಬಂದಿರಲಿಲ್ಲ.

"ನಿಮ್ಮದೇನೂ ತಪ್ಪಿಲ್ಲ" ಅಂತ ನಾನು ಹೇಳಲಿಲ್ಲ. ಬಾಯಿ ತುದಿಗೆ ಬಂದಿತ್ತು, ನಿಜ. ಆದರೆ ಗಂಡ ಅದನ್ನು ಹೇಳಿದ್ದರು, ಮೇಲಧಿಕಾರಿ ಹೇಳಿದ್ದರು, ಗೆಳತಿಯರೂ ಹೇಳಿದ್ದರು. ಪ್ರತಿ ಸಲವೂ ಮಾತು ಅಲ್ಲಿಗೇ ನಿಂತುಹೋಗಿತ್ತು. ಕನ್ನಡಕದ ವಿಷಯ ಅವರು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಸಮಾಧಾನ ಹೇಳುವ ಆತುರ ಎಷ್ಟೋ ಸಲ ಹೇಳುವವರ ಭಾರ ಇಳಿಸಿಕೊಳ್ಳಲು ಇರುತ್ತದೆ, ಅಲ್ವಾ? ಕೇಳುವವರು ಒಂಟಿಯಾಗಿಬಿಡುತ್ತಾರೆ.

ಬದಲಿಗೆ ಮೂರು ಹಾಳೆ ಕೊಟ್ಟೆ. ಮೊದಲನೆಯದರಲ್ಲಿ ಸ್ಥಳದಲ್ಲಿ ನಿಂತಾಗ ಗೊತ್ತಿದ್ದದ್ದು. ಎರಡನೆಯದರಲ್ಲಿ ಅವತ್ತು ಸಂಜೆ ಗೊತ್ತಿದ್ದದ್ದು. ಮೂರನೆಯದರಲ್ಲಿ ಆ ಫೋನ್ ಬಂದ ಮೇಲೆ ಗೊತ್ತಾದದ್ದು. ಒಂದು ಹಾಳೆ ಓದುವಾಗ ಉಳಿದೆರಡು ಮಗುಚಿರಬೇಕು. ಕನ್ನಡಕ ಎಲ್ಲಿ ಬರೆಯಲಿ ಅಂತ ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಕೊನೆಗೆ ಮೊದಲ ಹಾಳೆಯಲ್ಲೇ ಬರೆದರು: "ಗಾಬರಿಯಲ್ಲಿ ಮರೆತಿದ್ದಾರೆ ಅಂದುಕೊಂಡೆ."

"ಆ ವಾರ ಇನ್ಯಾರಾದರೂ ಹೀಗೆ ಗಾಬರಿಯಲ್ಲಿ ಮರೆತಿದ್ದರಾ?" ಅಂತ ಕೇಳಿದೆ.

ಯೋಚಿಸಿದರು. ಒಬ್ಬ ಹುಡುಗಿಗೆ ತನ್ನ ಫೋನ್ ನಂಬರೇ ನೆನಪಾಗಿರಲಿಲ್ಲ. ಒಬ್ಬರು ವಿಮೆಯ ಕಾರ್ಡು ಕೈಯಲ್ಲೇ ಹಿಡಿದುಕೊಂಡು ಕಾರೆಲ್ಲ ಜಾಲಾಡಿದ್ದರು. ಇನ್ನೊಬ್ಬರು ಮನೆಯ ಹಳೆಯ ವಿಳಾಸ ಕೊಟ್ಟಿದ್ದರು. "ಎಲ್ಲರೂ ಹಾಗೇ ಇರ್ತಾರೆ ಮೇಡಂ," ಅಂದರು. ಹೇಳಿದ ಮೇಲೆ ತಾವೇ ಸುಮ್ಮನಾದರು.

ಫಲಿತಾಂಶ ತಿಳಿದ ಮೇಲೆ ಇದು ಮೊದಲೇ ಗೊತ್ತಾಗಬೇಕಿತ್ತು ಅನ್ನಿಸುವುದು ಮನಸ್ಸಿನ ಸಹಜ ಗುಣ. ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಅದನ್ನೂ ಮಾಲಿನಿಗೆ ಹೇಳಿದೆ. ಆದರೆ ನನ್ನ ಮಾತಿಗಿಂತ ಆ ಹುಡುಗಿಯ ಫೋನ್ ನಂಬರೇ ಜಾಸ್ತಿ ಕೆಲಸ ಮಾಡಿತು.

ಹಾಗಂತ ಕಲಿಯುವುದು ಏನೂ ಇಲ್ಲ ಅಂತಲ್ಲ. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ತಲೆಯೊಳಗಿನ ರಕ್ತಸ್ರಾವ ಗಂಟೆಗಳಲ್ಲ, ದಿನಗಳು ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಇದು ಮಾಲಿನಿಗೆ ಈಗ ಗೊತ್ತು. ಗೊತ್ತಾದ ಮೇಲೆ ಸುಮ್ನೆ ಕೂರಲು ಅವರಿಂದ ಆಗುತ್ತಿರಲಿಲ್ಲ. ರಾತ್ರಿಯ ಕರೆಗಳು ಅದರಿಂದಲೇ ಹುಟ್ಟಿದ್ದವು. ಆ ಕರೆಗಳನ್ನು ನಿಲ್ಲಿಸಿ ಅಂತ ಖಡಾಖಂಡಿತವಾಗಿ ಹೇಳಿದೆ. ಅದು ಅವರ ಕೆಲಸದ ಗಡಿ ದಾಟಿದ್ದು, ಮತ್ತು ಪ್ರತಿ ಕರೆಯ ಸಮಾಧಾನ ಅರ್ಧ ದಿನವೂ ಬಾಳುತ್ತಿರಲಿಲ್ಲ. ಅಷ್ಟೇ ಕಾಳಜಿಯನ್ನು ಸ್ಥಳದಲ್ಲೇ ಹೇಗೆ ಬಳಸಬಹುದು ಅಂತ ಕೇಳಿದೆ. ಉತ್ತರ ಅವರೇ ಕಂಡುಕೊಂಡರು. "ನೋವಿದೆಯಾ?" ಅಂದರೆ ಎಲ್ಲರೂ ಇಲ್ಲ ಅಂತಾರೆ. "ತಲೆ ಎಲ್ಲಾದರೂ ತಗುಲಿತಾ? ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ?" ಅಂದರೆ ಜನ ನಿಂತು ಯೋಚಿಸುತ್ತಾರೆ. ಅನುಮಾನ ಬಂದರೆ ಆಂಬುಲೆನ್ಸ್ ಕರೆಸುವುದು, ಬೇಡ ಅಂದರೆ ಅವರ ಮಾತನ್ನು ಹಾಗೇ ಬರೆದುಕೊಳ್ಳುವುದು. ಇದನ್ನು ಮೇಲಧಿಕಾರಿಗೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ, ಒಬ್ಬರೇ ಹೊತ್ತುಕೊಳ್ಳಬೇಡಿ ಅಂದೆ. ಅವರು ಒಪ್ಪಿದರು.

ಇನ್ನೊಂದು ಕೆಲಸವನ್ನೂ ಹೇಳಿದ್ದೆ. ಇಲಾಖೆಯಲ್ಲಿ ಪೊಲೀಸರಿಗೆ ಸಹೋದ್ಯೋಗಿಗಳ ನೆರವಿನ ತಂಡವಿತ್ತು. "ಅದು ಗನ್ ಇಟ್ಟುಕೊಂಡವರಿಗೆ" ಅಂತ ಮಾಲಿನಿ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಕೇಳಿ ನೋಡಿ ಅಂದೆ. ಮೂರು ವಾರ ಮುಂದೂಡಿ ಕೇಳಿದರು. ಅವರಿಗೂ ಬಾಗಿಲು ತೆರೆದೇ ಇತ್ತು.

ಗಂಡನನ್ನೂ ಒಂದು ಸಲ ಒಳಗೆ ಕರೆದೆ. ಒಳ್ಳೆಯ ಮನುಷ್ಯ, ಹೆಂಡತಿ ಸೊರಗುತ್ತಿರುವುದನ್ನು ನೋಡಿ ಹೆದರಿದ್ದರು. ‘ಸಣ್ಣ’ ಅನ್ನುವ ಪದ ಒಂದು ತಿಂಗಳು ಬೇಡ ಅಂತ ಕೇಳಿಕೊಂಡೆ. "ಹಾಗಾದ್ರೆ ಏನು ಹೇಳಲಿ?" ಅಂದರು. ಇವತ್ತು ಎಷ್ಟು ಜನ ಕಿರುಚಿದರು ಅಂತ ಕೇಳಿ ಸಾಕು ಅಂದೆ. ಮಾಲಿನಿ ಮೊದಲ ಸಲ ಜೋರಾಗಿ ನಕ್ಕಿದ್ದು ಆಗ.

ಆ ಅಜ್ಜ ಏನಾದರು ಅಂತ ನಮಗೆ ಗೊತ್ತಾಗಲೇ ಇಲ್ಲ. ಮಗಳಿಗೆ ಫೋನ್ ಮಾಡಲಾ ಅಂತ ಮಾಲಿನಿ ಎರಡು ಸಲ ಕೇಳಿದ್ದರು. ಬೇಡ ಅಂದಿದ್ದೆ. ಹಾಗನ್ನುವಾಗ ನನಗೂ ಕಷ್ಟವಾಗಿತ್ತು. ಬದಲಿಗೆ ಆ ಅಜ್ಜನಿಗೆ ಒಂದು ಕಾಗದ ಬರೆಯಲು ಹೇಳಿದೆ, ಕಳಿಸದೆ ಇಟ್ಟುಕೊಳ್ಳುವ ಕಾಗದ. ಕನ್ನಡದಲ್ಲಿ ಬರೆದರು. ನನಗೆ ಓದಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೆಂಪು ಚೂರನ್ನು ಅದರೊಳಗೇ ಮಡಿಸಿಟ್ಟಿದ್ದಾರೆ.

ಒಂಬತ್ತು ಭೇಟಿ ಆಗಿವೆ. ಈಗ ಹೆಚ್ಚಿನ ರಾತ್ರಿ ನಿದ್ದೆ ಬರುತ್ತಿದೆ. ಕೆಲಸ ಬಿಟ್ಟಿಲ್ಲ. ಹೆದ್ದಾರಿಯಲ್ಲಿ ತಾವೇ ಕಾರು ಓಡಿಸುವುದು ಇನ್ನೂ ಬಾಕಿ ಇದೆ. ಮುಂದಿನ ತಿಂಗಳು ಅದನ್ನು ಕೈಗೆತ್ತಿಕೊಳ್ಳುತ್ತೇವೆ. ಮೊದಲು ಒಂದೇ ಎಕ್ಸಿಟ್ ದೂರ, ಬೆಳಗ್ಗೆ ಬೇಗ, ಪಕ್ಕದಲ್ಲಿ ಗಂಡ ಕೂತಿರುವಾಗ.