ಸತ್ತೋರು ಸೈನಿಕರು, ಕಲ್ಲು ಹೆಂಗಸರಿಗಾ?

ನಮಸ್ಕಾರ ಸರ್. ಹೋದ ಸಂಚಿಕೆಯಲ್ಲಿ ಅಮೆರಿಕದ ಆಂಡರ್ಸನ್‌ವಿಲ್ ಮಿಲಿಟರಿ ಸ್ಮಶಾನದ ಬಗ್ಗೆ ಬಂದ ಲೇಖನ ಓದಿ ಶಿರಸಿಯಿಂದ ಬರೆದಿದ್ದೀರಿ. ಸತ್ತೋರು ಸೈನಿಕರು, ಅಮೆರಿಕದ ಅಂತರ್ಯುದ್ಧ ಮುಗಿದು 40 ವರ್ಷ ಆದ್ಮೇಲೆ ಒಬ್ಬ ಹೆಂಗಸಿಗೂ ಅವರ ಸಂಘಕ್ಕೂ ಪಕ್ಕದಲ್ಲೇ ಕಲ್ಲು ನಿಲ್ಸೋದು ಯಾಕೆ, ಹೂವಿಟ್ಟಿದ್ದಕ್ಕಾ ಅಂತ ನಿಮ್ಮ ಪ್ರಶ್ನೆ.

ಬರೀ ಹೂವಾಗಿದ್ರೆ ನಾನೂ ನಿಮ್ಮ ಪಾರ್ಟಿನೇ. ಅಲ್ಲಿ ನಡೆದಿದ್ದು ಜಮೀನಿನ ವಿಷ್ಯ.

ದಕ್ಷಿಣದವರು ಜಾರ್ಜಿಯಾದಲ್ಲಿ ನಡೆಸ್ತಿದ್ದ ಆ ಯುದ್ಧಕೈದಿಗಳ ಕ್ಯಾಂಪಿಗೆ 1864ರ ಫೆಬ್ರವರಿಯಿಂದ 14 ತಿಂಗಳಲ್ಲಿ ಸುಮಾರು 45,000 ಯೂನಿಯನ್ (ಉತ್ತರದ ಕಡೆಯ) ಸೈನಿಕರನ್ನ ತಂದು ತುಂಬಿದ್ರು, ಹತ್ರ ಹತ್ರ 13,000 ಜನ ಅಲ್ಲೇ ಹೋದ್ರು, ಗುಂಡೇಟಿಂದ ಅಲ್ಲ, ಭೇದಿ, ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ), ಹಸಿವು, ಕುಡಿಯೋಕೂ ಕಕ್ಕಸಿಗೂ ಒಂದೇ ಹಳ್ಳ. ಉದ್ದುದ್ದ ಗುಂಡಿ ತೋಡಿ ಹೆಣಗಳನ್ನ ಭುಜಕ್ಕೆ ಭುಜ ತಾಗಿಸಿ ಮಲಗಿಸಿದ್ರು, ಅದಕ್ಕೇ ಇವತ್ತಿಗೂ ಅಲ್ಲಿನ ಸಮಾಧಿ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡ ಹಾಗೇ ಕಾಣ್ತವೆ. ಡೊರೆನ್ಸ್ ಅಟ್ವಾಟರ್ ಅನ್ನೋ ಕೈದಿ ಸಾವಿನ ಲೆಕ್ಕ ಬರೀತಾ ಗುಟ್ಟಾಗಿ ಒಂದು ನಕಲು ಇಟ್ಕೊಂಡಿದ್ದ, 1865ರಲ್ಲಿ ಅವನೂ, ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ್ದ ಕ್ಲಾರಾ ಬಾರ್ಟನ್ನೂ ಇದ್ದ ತಂಡ ಆ ಪಟ್ಟಿ ಹಿಡಿದು ಗೋರಿಗಳಿಗೆ ಹೆಸರು ಹಚ್ಚಿದ್ರು. ಸುಮಾರು 460 ಗೋರಿಗೆ ಹೆಸರೇ ಸಿಗ್ಲಿಲ್ಲ.

ಸ್ಮಶಾನವನ್ನೇನೋ ಸರ್ಕಾರ ನೋಡ್ಕೊಳ್ತು. ಆದ್ರೆ ಜೈಲಿದ್ದ ಜಾಗ ಖಾಸಗಿಯವರ ಕೈಲಿತ್ತು. 1890ರ ಸುಮಾರಿಗೆ ಮಾಜಿ ಸೈನಿಕರ ಗ್ರ್ಯಾಂಡ್ ಆರ್ಮಿ ಸಂಘಟನೆಯ ಜಾರ್ಜಿಯಾ ಶಾಖೆ ಅದನ್ನ ಕೊಂಡ್ಕೊಂಡ್ತು, ಮೇಂಟೈನ್ ಮಾಡೋಕೆ ಕಾಸಿಲ್ಲ, ಕೈಚೆಲ್ಲಿ ಕೂತ್ರು. ಆಗ, 1896ರಲ್ಲಿ, ಅದನ್ನ ವಹಿಸ್ಕೊಂಡಿದ್ದು ವುಮನ್ಸ್ ರಿಲೀಫ್ ಕೋರ್. 1883ರಲ್ಲಿ ಡೆನ್ವರಲ್ಲಿ ಶುರುವಾದ ಹೆಂಗಸರ ಸಂಘ, ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ನೆರವು ಮಾಡೋದೇ ಕೆಲಸ. ಯುದ್ಧದಲ್ಲಿ ದುಡಿದ ನರ್ಸ್‌ಗಳಿಗೂ ಪೆನ್ಷನ್ ಕೊಡಿ ಅಂತ ಬೆನ್ನು ಹತ್ತಿದ್ದೂ ಇವರೇ, 1892ರಲ್ಲಿ ತಿಂಗಳಿಗೆ 12 ಡಾಲರ್ ಸಿಕ್ತು. ಆಂಡರ್ಸನ್‌ವಿಲ್‌ನಲ್ಲಿ ಇನ್ನೊಂದಿಷ್ಟು ಜಾಗ ಸೇರಿಸಿದ್ರು, ಗುಲಾಬಿ ನೆಟ್ರು (ಹೂವು ಬಂತು ನೋಡಿ!), 1901ರಲ್ಲಿ ಅಲ್ಲಿದ್ದ ನೀರಿನ ಒರತೆಗೆ ಕಲ್ಲಿನ ಮನೆ ಕಟ್ಟಿಸಿದ್ರು, 1910ರಲ್ಲಿ ಇಡೀ ಜಾಗವನ್ನ ಸರ್ಕಾರಕ್ಕೆ ದಾನ ಬರೆದುಕೊಟ್ರು. ಈ ಕೆಲಸದ ಬೋರ್ಡ್ ನಡೆಸ್ತಿದ್ದ ಲಿಜಬೆತ್ ಟರ್ನರ್ 1907ರಲ್ಲಿ ಅಲ್ಲೇ ತೀರಿಕೊಂಡ್ರು. ನೀವು ಆಕ್ಷೇಪಿಸಿದ ಕಲ್ಲು ಅವರದು. ನನ್ನ ಕೇಳಿದ್ರೆ, ಜಾಗ ಉಳಿಸಿದೋರಿಗೆ ಆ ಜಾಗದಲ್ಲಿ ಒಂದು ಕಲ್ಲು ದುಬಾರಿ ಅಲ್ಲ.

ತಕರಾರು ತೆಗೀಲೇಬೇಕು ಅಂದ್ರೆ ಬೇರೆ ಕಡೆ ತೆಗೀರಿ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸರೂ ಈ ಸಂಘದಲ್ಲಿದ್ರು, ಗೋರಿಗಳಿಗೆ ಹೂವಿಡ್ತಿದ್ರು, ಅವರ ಜೊತೆ ಕೂರೋಕಾಗಲ್ಲ, ಬೇರೆ ಮಾಡಿ ಅಂತ ಹಠ ಹಿಡಿದ ಬಿಳಿಯರೂ ಅದೇ ಸಂಘದಲ್ಲಿದ್ರು. ಟರ್ನರ್ ಹೆಸರು ಕಲ್ಲಲ್ಲಿ ಉಳೀತು, ಆ ಕಪ್ಪು ಹೆಂಗಸರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು ಹೇಳಿ?

ಇನ್ನು ಫೋಟೋದಲ್ಲಿ ಆರು ಗೋರಿ ಬೇರೆಯಾಗಿ ಯಾಕಿವೆ ಅಂದ್ರಲ್ಲ, ಅವರು ರೈಡರ್ಸ್ ಅಂತ, ಕೈದಿಗಳನ್ನೇ ದೋಚಿ ಹೊಡೀತಿದ್ದ ಕೈದಿಗಳು. ಒಳಗಿದ್ದೋರೇ ವಿಚಾರಣೆ ಮಾಡಿ 1864ರ ಜುಲೈ 11ಕ್ಕೆ ನೇಣು ಹಾಕಿದ್ರು. ಅದನ್ನ ಬರೆಯೋಕೆ ಇನ್ನೊಂದು ಪುಟ ಬೇಕು, ಜಾಹೀರಾತಿನವರು ಬಿಟ್ರೆ ಮುಂದಿನ ಸಂಚಿಕೆಗೆ ನೋಡೋಣ.

– ಸಂ.