ಅಣ್ಣನ ಬಗ್ಗೆ ಬರೆದಿಟ್ಟ ನೋಟ್‌ಬುಕ್ಕು

ಪ್ರಶ್ನೆ: ನನಗೆ 16 ವರ್ಷ. ಶಾಲೆಯ ಕೊನೆಯ ಎರಡು ವರ್ಷಕ್ಕೆ ವಿಷಯ ಆರಿಸಿಕೊಳ್ಳಬೇಕು. ಭೌತಶಾಸ್ತ್ರ, ಜೀವಶಾಸ್ತ್ರ, ರಸಾಯನಶಾಸ್ತ್ರ ಖಾತ್ರಿ. ಉಳಿದ ಒಂದು ಜಾಗಕ್ಕೆ ನನಗೆ ಮನಃಶಾಸ್ತ್ರ ಬೇಕು, ಅಪ್ಪನಿಗೆ ಕಂಪ್ಯೂಟರ್. ‘ಮನುಷ್ಯರನ್ನ ಅರ್ಥ ಮಾಡ್ಕೊಳ್ಳೋಕೂ ಪರೀಕ್ಷೆ ಬರೀಬೇಕಾ?’ ಅಂತಾರೆ. ನಿಜ ಹೇಳಬೇಕೆಂದರೆ ನಾನು ಓದಬೇಕೆಂದಿರುವುದು ಅಣ್ಣನಿಗಾಗಿ. ಎರಡು ವರ್ಷದಿಂದ ಅವನು ಕೋಣೆ ಬಿಟ್ಟು ಬರುವುದೇ ಅಪರೂಪ. ಸೀನಿಯರ್ ಒಬ್ಬಳ ಪಠ್ಯಪುಸ್ತಕ ತಂದು, ಅದರಲ್ಲಿನ ಲಕ್ಷಣಗಳ ಜೊತೆ ತಾಳೆ ನೋಡುತ್ತಾ, ಅವನು ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಉಂಡ, ಯಾವಾಗ ಸಿಡುಕಿದ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಕಳೆದ ವಾರ ಅದು ಅವನ ಕೈಗೆ ಸಿಕ್ಕಿತು. ಅವತ್ತಿನಿಂದ ಮಾತು ಬಿಟ್ಟಿದ್ದಾನೆ. ನಾನು ಈ ವಿಷಯ ತೆಗೆದುಕೊಳ್ಳಲೋ ಬೇಡವೋ?

ಉತ್ತರ: ತಗೋ ಮಗಳೇ. ಆದರೆ ಅಣ್ಣನಿಗಾಗಿ ಬೇಡ, ನಿನಗಾಗಿ ತಗೋ.

ನೀನು ಬರೆದದ್ದೆಲ್ಲ ಪ್ರೀತಿಯಿಂದಲೇ, ಅನುಮಾನವಿಲ್ಲ. ಅವನ ಜಾಗದಲ್ಲಿ ನಿಂತು ಆ ಪುಟ ತಿರುವಿ ನೋಡು. ‘ರಾತ್ರಿ 3ಕ್ಕೆ ದೀಪ ಉರಿಯುತ್ತಿತ್ತು. ಒಂದೇ ತುತ್ತು ಉಂಡ.’ ತಂಗಿ ಅಂದುಕೊಂಡವಳು ಇಷ್ಟು ದಿನ ಕಾವಲು ಕೂತಿದ್ದಳಾ ಅನಿಸದೆ ಇರುತ್ತದೆಯೇ? ತಮಾಷೆ ಏನೆಂದರೆ, ಈ ವಿಷಯದ ತರಗತಿಯಲ್ಲಿ ಶುರುವಿಗೇ ಹೇಳಿಕೊಡುವ ಪಾಠಗಳಲ್ಲಿ ಇದೂ ಒಂದು: ಯಾರನ್ನಾದರೂ ಅಧ್ಯಯನ ಮಾಡುವ ಮುಂಚೆ ಅವರನ್ನು ಕೇಳಬೇಕು, ಬೇಡವೆಂದರೆ ಬಿಡಬೇಕು, ತಿಳಿದದ್ದನ್ನು ಗುಟ್ಟಾಗಿ ಇಡಬೇಕು. ನೀನು ಲಕ್ಷಣಗಳ ಅಧ್ಯಾಯಕ್ಕೆ ಹಾರಿಬಿಟ್ಟೆ. ಎಲ್ಲರೂ ಹಾರುವುದು ಅಲ್ಲಿಗೇ ಬಿಡು. ಕಾಯಿಲೆಗಳ ಪಾಠ ನಡೆಯುವ ವಾರ ಅರ್ಧ ತರಗತಿಗೆ ಅವೆಲ್ಲ ತಮಗೇ ಇವೆ ಅನಿಸುತ್ತದೆ. ಉಳಿದರ್ಧಕ್ಕೆ ಮನೆಯವರಿಗೆ ಇವೆ ಅನಿಸುತ್ತದೆ.

ಹಾಗಾದರೆ ಆ ಎರಡು ವರ್ಷ ಓದುವುದು ಏನನ್ನು? ಮುಖ ನೋಡಿ ಮನಸ್ಸು ಹೇಳುವ ವಿದ್ಯೆಯನ್ನಂತೂ ಅಲ್ಲ. ನೆನಪು, ಕಲಿಕೆ, ಮಿದುಳು, ಗುಂಪಿನಲ್ಲಿ ಮನುಷ್ಯ ಬದಲಾಗುವ ರೀತಿ. ಜೊತೆಗೆ ನೀನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಂಖ್ಯಾಶಾಸ್ತ್ರ. ಒಂದು ಪ್ರಯೋಗ ಹೇಳುತ್ತೇನೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. 50 ಮಂದಿಗೆ ಕಾರುಗಳು ‘ತಾಗಿದಾಗ’ ಎಂದು, ಇನ್ನು 50 ಮಂದಿಗೆ ‘ಅಪ್ಪಳಿಸಿದಾಗ’ ಎಂದು. ಬದಲಾದದ್ದು ಅದೊಂದೇ ಪದ. ವಾರ ಬಿಟ್ಟು ‘ಒಡೆದ ಗಾಜು ನೋಡಿದಿರಾ?’ ಎಂದು ವಿಚಾರಿಸಿದರೆ, ‘ತಾಗಿದ’ ಗುಂಪಿನಲ್ಲಿ 7 ಮಂದಿ, ‘ಅಪ್ಪಳಿಸಿದ’ ಗುಂಪಿನಲ್ಲಿ 16 ಮಂದಿ ಹೌದು ಎಂದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ.

ಇದನ್ನು ಓದಿದ ಮೇಲೆ ನನಗೆ ಯಾರನ್ನೇ ಆಗಲಿ ‘ಏನಾಗಿದೆ ನಿಂಗೆ?’ ಎಂದು ಕೇಳಲು ನಾಲಿಗೆ ತಡೆಯುತ್ತದೆ. ಏನೋ ಕೆಟ್ಟಿದೆ ಎಂಬ ತೀರ್ಪು ಆ ಪ್ರಶ್ನೆಯಲ್ಲೇ ಕೂತಿದೆ. ನೀನೂ ಅಣ್ಣನನ್ನು ಹಾಗೆ ಕೇಳಬೇಡ. ‘ಕೇಳದೆ ಬರೆದೆ, ತಪ್ಪಾಯ್ತು ಅಣ್ಣ’ ಅಂದು ಎದ್ದು ಬಾ. ಅವನು ಏನೂ ಹೇಳದಿದ್ದರೆ ಹೇಳದೆ ಇರಲಿ. ನಾಳೆ ‘ಟೆರೇಸಿಗೆ ಹೋಗ್ತಿದೀನಿ, ಬರ್ತೀಯಾ?’ ಅನ್ನು. ಬರದಿದ್ದರೆ ನಾಡಿದ್ದು ಇನ್ನೊಮ್ಮೆ.

ಇನ್ನು ಎರಡು ವರ್ಷ ಕೋಣೆಯಲ್ಲೇ ಉಳಿದ ಹುಡುಗನ ವಿಷಯ. ಇದು ಶಾಲೆಯ ಪಠ್ಯಪುಸ್ತಕಕ್ಕೆ ನಿಲುಕುವುದಲ್ಲ, ನೀನು ಕಲಿತು ಬರಲೆಂದು ಕಾಯುವಂಥದ್ದೂ ಅಲ್ಲ. ಅವನನ್ನು ಮನೋವೈದ್ಯರಿಗೆ ತೋರಿಸಬೇಕು, ಕರೆದುಕೊಂಡು ಹೋಗಬೇಕಾದವರು ಅಪ್ಪ ಅಮ್ಮ. ‘ನನಗೆ ಹೆದರಿಕೆ ಆಗ್ತಿದೆ’ ಎಂದು ಅವರಿಗೆ ನೇರವಾಗಿ ಹೇಳು. ಕಾಯಿಲೆಯ ಹೆಸರು ಹೇಳಲು ಹೋಗಬೇಡ. ಅಣ್ಣನೇನಾದರೂ ಸಾಯುವ ಮಾತಾಡಿದರೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರೂ, ಆ ಕ್ಷಣವೇ ದೊಡ್ಡವರಿಗೆ ತಿಳಿಸು. ಗುಟ್ಟಿನ ನಿಯಮಕ್ಕೆ ಅದೊಂದು ವಿನಾಯಿತಿ ವೃತ್ತಿಯವರಿಗೂ ಇದೆ.

ಅಪ್ಪನ ವಾದವನ್ನು ತೀರಾ ತಳ್ಳಿಹಾಕಲಾರೆ. ಮುಂದೆ ಮನಃಶಾಸ್ತ್ರದಲ್ಲಿ ಪದವಿ ಮಾಡಲು ಶಾಲೆಯಲ್ಲೇ ಅದನ್ನು ಓದಿರಬೇಕೆಂದು ಬಹುಪಾಲು ಕಡೆ ನಿಯಮವಿಲ್ಲ. ಮನೋವೈದ್ಯೆ ಆಗುವ ಆಸೆಯಿದ್ದರೆ ಮೊದಲು ವೈದ್ಯಕೀಯ ಓದಬೇಕು. ಅದಕ್ಕೆ ಬೇಕಾದ ಭೌತಶಾಸ್ತ್ರ, ಜೀವಶಾಸ್ತ್ರ, ರಸಾಯನಶಾಸ್ತ್ರ ಹೇಗೂ ನಿನ್ನ ಕೈಲಿವೆ. ಹಾಗಾಗಿ ಕಂಪ್ಯೂಟರ್ ತಗೊಂಡರೂ ಯಾವ ಬಾಗಿಲೂ ಮುಚ್ಚುವುದಿಲ್ಲ. ಆದರೂ ಮನಃಶಾಸ್ತ್ರವನ್ನೇ ತಗೋ ಅನ್ನುತ್ತಿದ್ದೇನೆ. ದಿನಗಟ್ಟಲೆ ಬಿಡದೆ ನೋಡಿ ಬರೆದಿಡುವ ಅಭ್ಯಾಸ ನಿನಗಾಗಲೇ ಬಂದಿದೆ. ಅದಕ್ಕೆ ಲಗಾಮು ಹಾಕಲು ಈ ತರಗತಿಯೇ ಸರಿಯಾದ ಜಾಗ. ಆ ಸೀನಿಯರ್ ಹತ್ತಿರ ಸಂಖ್ಯಾಶಾಸ್ತ್ರದ ಅಭ್ಯಾಸದ ಹಾಳೆಗಳಿದ್ದರೆ ತಂದು ಅಪ್ಪನ ಮುಂದಿಡು. ಕಂಪ್ಯೂಟರ್ ಬೇಕೆನ್ನುವವರಿಗೆ ಅಂಕಿ ಅಂಶ ಕಂಡರೆ ಸ್ವಲ್ಪ ಸಮಾಧಾನ.

ಬರೆಯದೆ ಇರಲಾಗದಿದ್ದರೆ ನಿನ್ನ ಬಗ್ಗೆಯೇ ಬರೆದುಕೋ. ನೆನಪಿನ ಬಗ್ಗೆ ಅಧ್ಯಯನ ಮಾಡಿದ ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಮಾಡಿದ್ದು ಅದನ್ನೇ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ವರ್ಷಗಟ್ಟಲೆ ಲೆಕ್ಕವಿಟ್ಟು 1885ರಲ್ಲಿ ಪುಸ್ತಕ ಮಾಡಿದ. ಅವನ ಪ್ರಯೋಗಕ್ಕೆ ಒಳಗಾದವನು ಅವನೊಬ್ಬನೇ, ಕೋಪ ಮಾಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಹಳೆಯ ನೋಟ್‌ಬುಕ್ಕು ಅಣ್ಣನ ಹತ್ತಿರವೇ ಇದೆಯಲ್ಲ? ವಾಪಸ್ ಕೇಳಬೇಡ.